ಬುಪ್ಪಾಳ ಎಡಗಡೆ

ಹದಿನೆಂಟು ಚಕ್ರದ ಲಾರಿಯನ್ನು ಎಡಕ್ಕೆ ತಿರುಗಿಸುವುದೆಂದರೇನು ಎಂದು ಕಾರು ಓಡಿಸುವವರಿಗೆ ಹೇಳಿ ಪ್ರಯೋಜನವಿಲ್ಲ. ಮುಂದಿನ ಭಾಗ ತಿರುಗುತ್ತದೆ, ಹಿಂದಿನ ಕಂಟೇನರು ರಸ್ತೆಯ ಅಂಚನ್ನೇ ಸವರಿಕೊಂಡು ಒಳಕ್ಕೆ ಬರುತ್ತದೆ. ಎಡಬಾಗಿಲಿನ ಬುಡದಲ್ಲಿ ಏನಿದೆ ಎಂದು ಡ್ರೈವರಿಗೆ ಯಾವ ಕನ್ನಡಿಯೂ ಸರಿಯಾಗಿ ತೋರಿಸುವುದಿಲ್ಲ. ಮೋಟರ್‌ಸೈಕಲ್ಲಿನವರಿಗೆ ನುಗ್ಗಲು ಬೇಕಾದದ್ದು ಅದೇ ಜಾಗ. ಬೈದು ಬೈದು ನನ್ನ ಬಾಯಿ ಸವೆದಿದೆ.

ಲೇಮ್ ಚಬಂಗ್ ಬಂದರಿನಲ್ಲಿ ಇಪ್ಪತ್ತಾರು ವರ್ಷ ಲಾರಿ ಓಡಿಸಿದ್ದೇನೆ, ಒಬ್ಬರಿಗೂ ತಾಗಿಸಿಲ್ಲ. "ತವಿನ್ ಅಣ್ಣನ ಕೈ ಅಂದ್ರೆ ಕೈ" ಎನ್ನುತ್ತಾರೆ. ಕೈ ನನ್ನದಾದರೂ ಕಣ್ಣು ನನ್ನ ಹೆಂಡತಿ ಬುಪ್ಪಾಳದು. ನಮ್ಮಲ್ಲಿ ಎಷ್ಟೋ ಡ್ರೈವರುಗಳ ಹೆಂಡಂದಿರು ಲಾರಿಯಲ್ಲೇ ಸಂಸಾರ ಮಾಡುತ್ತಾರೆ. ಬುಪ್ಪಾ ಹತ್ತೊಂಬತ್ತು ವರ್ಷದಿಂದ ಎಡಗಡೆ ಸೀಟಿನಲ್ಲಿದ್ದಾಳೆ. ಪ್ರತಿ ತಿರುವಿನಲ್ಲೂ ಕಿಟಕಿಯಿಂದ ತಲೆ ಹೊರಗೆ ಹಾಕಿ "ಖಾಲಿ, ಹೋಗ್ರಿ" ಎನ್ನುತ್ತಾಳೆ. ಅವಳು ಹೇಳುವ ತನಕ ನಾನು ಸ್ಟೀರಿಂಗ್ ತಿರುಗಿಸುವುದಿಲ್ಲ.

ಹೀಗಿರುವಾಗ ಕಂಪನಿಯವರು ನಮ್ಮ ಲಾರಿಗೆ, ಎಡಗಡೆ ಯಾರಾದರೂ ಬಂದರೆ ಕೂಗಿ ಎಚ್ಚರಿಸುವ ಒಂದು ಪೆಟ್ಟಿಗೆ ಕೂರಿಸಲು ಉರೈವನ್ ಎಂಬ ಟೀಚರನ್ನು ಕಳಿಸಿದರು. ಸಿರಾಚಾದ ತಾಂತ್ರಿಕ ಶಾಲೆಯಲ್ಲಿ ಪಾಠ ಹೇಳುವಾಕೆ. ಬಂದವಳೇ ಲಾರಿಯ ಅಡಿಗೆ ತೂರಿಕೊಂಡಳು, ಮಧ್ಯಾಹ್ನದವರೆಗೆ ಚಪ್ಪಲಿ ಮಾತ್ರ ಕಾಣುತ್ತಿತ್ತು.

"ಕ್ಯಾಮೆರಾಗೆ ಎದುರಿಗಿರೋದು ಮನುಷ್ಯನೋ ಕಂಬವೋ ಗೊತ್ತಾಗುತ್ತೆ, ಆದ್ರೆ ಜೋರು ಮಳೇಲಿ ಕಾಣಲ್ಲ," ಎಂದಳು ಗ್ರೀಸು ಒರೆಸಿಕೊಳ್ಳುತ್ತ. "ರೇಡಾರಿಗೆ ಮಳೆ ಲೆಕ್ಕಕ್ಕಿಲ್ಲ, ಆದ್ರೆ ಕಂಬಕ್ಕೂ ಮನುಷ್ಯನಿಗೂ ವ್ಯತ್ಯಾಸ ಸರಿಯಾಗಿ ತಿಳಿಯಲ್ಲ. ಕೆಳಗಿರೋ ಈ ಗುಂಡಿಯಂಥ ಸೆನ್ಸರುಗಳು ಒಂದು ಮಾರು ದೂರದಲ್ಲಿರೋದನ್ನ ಹೇಳ್ತವೆ. ಮೂರೂ ಮಾತಾಡ್ಕೊಂಡು ಆಮೇಲೆ ಕೂಗ್ತವೆ."

"ನಮ್ಮ ಆಫೀಸಲ್ಲಿ ಮೂವರು ಮಾತಾಡ್ಕೊಳ್ಳೋಕೆ ಕೂತ್ರೆ ಸಂಜೆ ಆಗುತ್ತೆ, ಟೀಚರಮ್ಮ."

"ಇವಕ್ಕೆ ರೆಪ್ಪೆ ಬಡಿಯೋಷ್ಟು ಹೊತ್ತೂ ಬೇಡ ಅಣ್ಣ. ಒಂದು ಮಾತು ನೆನಪಿಟ್ಕೊಳಿ. ಯಾರಾದ್ರೂ ಇದ್ರೆ ಇದು ಕೂಗುತ್ತೆ. ಖಾಲಿ ಅಂತ ಮಾತ್ರ ಯಾವತ್ತೂ ಹೇಳಲ್ಲ. ಅದನ್ನ ನೀವೇ ನೋಡ್ಕೋಬೇಕು."

"ಅಂತೂ ನನಗೊಬ್ಬ ಸವತಿ ತಂದ್ರಿ," ಎಂದಳು ಬುಪ್ಪಾ. ಎಲ್ಲರೂ ನಕ್ಕೆವು.

ನಮ್ಮ ನಂಬಿಕೆಯಲ್ಲಿ ಪ್ರತಿ ಲಾರಿಯಲ್ಲೂ ಒಬ್ಬ ತಾಯಿ ಇರುತ್ತಾಳೆ, ವಾಹನ ಕಾಯುವ ದೇವತೆ. ಬೌದ್ಧ ವಿಹಾರಕ್ಕೆ ಹೋಗುವ ದಿನ ಅವಳಿಗೆ ಹೂಮಾಲೆ, ಬಣ್ಣದ ಬಟ್ಟೆ ಕಟ್ಟುತ್ತೇವೆ. ಹೊಸದಾಗಿ ಬಂದದ್ದಕ್ಕೂ ಮರ್ಯಾದೆ ಆಗಲಿ ಎಂದು ಬುಪ್ಪಾ ಅಂದು ಎಡಗನ್ನಡಿಯ ಕೆಳಗಿನ ಕ್ಯಾಮೆರಾದ ಕಂಬಿಗೂ ಒಂದು ಚೆಂಡುಹೂವಿನ ಮಾಲೆ ಕಟ್ಟಿದಳು. ಅಲ್ಲಿಂದ ಶುರುವಾಯಿತು ನೋಡಿ. ಕಂಬ ಕಂಡರೆ ಕೂಗು, ಬೇಲಿ ಕಂಡರೆ ಕೂಗು. ನಾಲ್ಕು ದಿನ ಸಹಿಸಿ, ಟೀಚರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದೆ.

ಬಂದು ನೋಡಿದವಳು ನಗುತ್ತ ಮೆಟ್ಟಿಲ ಮೇಲೇ ಕೂತುಬಿಟ್ಟಳು. "ಅಕ್ಕಾ, ಅದರ ಕಣ್ಣಿಗೇ ಹೂವು ಮುಡಿಸಿದ್ದೀರಲ್ಲ. ಕ್ಯಾಮೆರಾಗೆ ಕಾಣ್ತಿಲ್ಲ. ಯಾರಿಗಾದ್ರೂ ಪೆಟ್ಟಾದೀತು ಅಂತ ರೇಡಾರು ಸಿಕ್ಕಿದ್ದಕ್ಕೆಲ್ಲ ಕೂಗ್ತಿದೆ."

"ಕೈತಪ್ಪಿ ಆಯ್ತು," ಎಂದು ಬುಪ್ಪಾ ಮುಖ ತಿರುಗಿಸಿಕೊಂಡಳು. ಅಕ್ಕಿಯಲ್ಲಿ ಒಂದು ಕಲ್ಲು ಬಿಡದ ಹೆಂಗಸು ಅಂಗೈಯಷ್ಟಗಲದ ಗಾಜು ಕಾಣದೆ ಮಾಲೆ ಕಟ್ಟಿದಳು. ನಾನು ಆಗಲೇ ಯೋಚಿಸಬೇಕಿತ್ತು. ಯೋಚಿಸಲಿಲ್ಲ.

ಮಾಲೆ ಬಿಚ್ಚಿದ ಮಾರನೆಯ ಬೆಳಿಗ್ಗೆ ಬಂದರಿನ ರಸ್ತೆಗೆ ಎಡಕ್ಕೆ ತಿರುಗಬೇಕಿತ್ತು. ಸಿಗ್ನಲ್ ಹಸಿರಾಯಿತು. ಬುಪ್ಪಾ ತಲೆ ಹೊರಗೆ ಹಾಕಿ "ಖಾಲಿ, ಹೋಗ್ರಿ" ಎಂದಳು. ಅದೇ ಕ್ಷಣ ಪೆಟ್ಟಿಗೆ ಕೂಗಿತು.

ಒಂದು ಕಡೆ ಹತ್ತೊಂಬತ್ತು ವರ್ಷ, ಇನ್ನೊಂದು ಕಡೆ ನಿನ್ನೆಯವರೆಗೆ ಬೇಲಿಗೂ ಬೊಬ್ಬೆ ಹೊಡೆದ ಪೆಟ್ಟಿಗೆ. ನಾನು ಆಕ್ಸಿಲರೇಟರ್ ಒತ್ತಿದೆ. ಇದನ್ನು ನಾನು ಕಂಪನಿಯವರಿಗೆ ಹೇಳಿಲ್ಲ, ಟೀಚರಿಗೂ ಹೇಳಿಲ್ಲ. ಲಾರಿ ಒಂದು ಗೇಣು ಸರಿದಿರಬೇಕು. ಪೆಟ್ಟಿಗೆಯ ಕೂಗು ತಡೆಯಿಲ್ಲದೆ ಒಂದೇ ಸಮನೆ ಏರಿತು. ಹಿಂದಿನ ನಾಲ್ಕು ದಿನವೂ ಅದು ಹಾಗೆ ಕೂಗಿರಲಿಲ್ಲ. ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಯಿತು.

ಬಂಪರಿನ ಎಡಮೂಲೆಯಿಂದ ಒಬ್ಬ ಹುಡುಗಿ ಹೊರಬಂದಳು. ಬ್ಯಾಟರಿ ಮೋಟರ್‌ಸೈಕಲ್ಲು, ಹಿಂದೆ ಊಟ ತಲುಪಿಸುವ ಡಬ್ಬ, ಕಿವಿಗೆ ಸಿಕ್ಕಿಸಿದ ವಯರು. ನನ್ನ ಮುಂದೆಯೇ ಹಾದು ಹೋದಳು, ತಲೆ ಎತ್ತಿಯೂ ನೋಡಲಿಲ್ಲ.

"ಬುಪ್ಪಾ, ಅವಳು ಕಾಣಲಿಲ್ವಾ?"

"ಸದ್ದೇ ಕೇಳಿಸಲಿಲ್ಲ ರೀ," ಎಂದಳು.

ಆ ಉತ್ತರ ನನ್ನ ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ತಿರುವು ದಾಟಿಸಿ, ಲಾರಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿದೆ.

"ಎಷ್ಟು ದಿನದಿಂದ?"

"ಹೋದ ಮಳೆಗಾಲದಿಂದ. ಎಲ್ಲಾ ಮಂಜು ಮಂಜು."

"ಮತ್ತೆ ಇಷ್ಟು ದಿನ ಹೇಗೆ ಹೇಳ್ತಿದ್ದೆ?"

"ಕಿವಿಯಿಲ್ವಾ? ಮೋಟರ್‌ಸೈಕಲ್ಲು ಎಷ್ಟು ಹತ್ತಿರ ಅಂತ ಅದರ ಸದ್ದೇ ಹೇಳುತ್ತೆ."

"ಸೈಕಲ್ಲಾದ್ರೆ?"

"ಚೈನು ಕೇಳುತ್ತೆ."

"ನಡ್ಕೊಂಡು ಹೋಗೋರು?"

"ಚಪ್ಪಲಿ." ಆಮೇಲೆ ಅವಳೇ ಹೇಳಿದಳು, "ಹೇಳಿದ್ರೆ ಮನೇಲಿ ಕೂರಿಸ್ತಿದ್ರಿ. ನಾಲ್ಕು ಗೋಡೆ ನೋಡ್ಕೊಂಡು ನಿಮಗೆ ಕಾಯೋದು ನನ್ನ ಕೈಲಾಗಲ್ಲ."

ನನಗೆ ಬಂದ ಸಿಟ್ಟಿಗೆ ಸ್ಟೀರಿಂಗ್ ಕಿತ್ತು ಎಸೆಯಬೇಕೆನ್ನಿಸಿತು. ಒಂದು ವರ್ಷ, ಇಷ್ಟು ದೊಡ್ಡ ಲಾರಿ, ಬರಿಯ ಕಿವಿಯ ಮೇಲೆ. ಅದೇ ಸಿಟ್ಟಿನ ಒಳಗೆ ಅವಳ ಮೇಲೆ ಬೆರಗೂ ಇತ್ತು, ಅದನ್ನು ಮುಚ್ಚಿಡಲಾರೆ.

ಟೀಚರಿಗೆ ಬುಪ್ಪಾಳ ಕಿವಿಯ ವಿಷಯ ತಿಳಿಸಿದಾಗ ಆಕೆ ನಂಬಲಿಲ್ಲ. ಕಂಪನಿಯ ಅಂಗಳಕ್ಕೆ ಬಂದು, ತನ್ನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಎಡಗಡೆ ಸೀಟಿನಲ್ಲಿ ಕೂತಳು. ಎಂಜಿನ್ ಚಾಲೂ ಮಾಡಿ, ಒಬ್ಬ ಡ್ರೈವರನ್ನು ಲಾರಿಯ ಪಕ್ಕ ಬೈಕಿನಲ್ಲಿ ಓಡಾಡಿಸಿದೆವು. ಹತ್ತು ಸಲದಲ್ಲಿ ಏಳು ಸಲ ಟೀಚರು ತಪ್ಪಿದಳು. ಬುಪ್ಪಾ ಕಣ್ಣು ಮುಚ್ಚಿ ಹತ್ತಕ್ಕೆ ಹತ್ತನ್ನೂ ಹೇಳಿ, ಬೈಕಿನ ಸೈಲೆನ್ಸರ್ ಒಡೆದಿದೆ ಎಂದೂ ಸೇರಿಸಿದಳು. ಟೀಚರು ಕೆಳಗಿಳಿದು ಬುಪ್ಪಾಳಿಗೆ ತಲೆಬಾಗಿ ಕೈ ಮುಗಿದಳು.

"ನನ್ನ ಪೆಟ್ಟಿಗೆಗೆ ಕಿವಿ ಇಟ್ಟಿಲ್ಲ ಅಕ್ಕ. ಇಡಬೇಕು. ಹೇಗೆ ಕೇಳೋದು ಅಂತ ನೀವೇ ಹೇಳ್ಕೊಡಬೇಕು."

"ಹೇಳ್ಕೊಡ್ತೀನಿ. ಆದ್ರೆ ಕೈ ಮುಗಿಬೇಡಮ್ಮ," ಎಂದಳು ಬುಪ್ಪಾ. "ನನಗೆ ಗೊತ್ತಾಗದ ಒಬ್ಬಳು ನಿನ್ನ ಪೆಟ್ಟಿಗೆಗೆ ಗೊತ್ತಾದಳು. ನಾನು ಒಂದು ವರ್ಷ ಸರಿ ಹೇಳಿದ್ದಕ್ಕಿಂತ ಅದು ದೊಡ್ಡದು."

ಕಣ್ಣಿಗೆ ಪೊರೆ ಬಂದಿದೆ, ತೆಗೆದರೆ ಸರಿಹೋಗುತ್ತದೆ ಎಂದರು ಡಾಕ್ಟರು. ಆಪರೇಷನ್‌ಗೆ ಹೋಗುವ ದಿನ ಆಸ್ಪತ್ರೆಯ ಬೆಂಚಿನಲ್ಲಿ ಇಬ್ಬರೂ ಕೂತಿದ್ದೆವು. ಬುಪ್ಪಾ ನನ್ನ ಮೊಣಕೈ ಹಿಡಿದು ಹೇಳಿದಳು, "ಕಣ್ಣು ಬಂದ್ಮೇಲೂ ಒಂದು ಮಾತು ನಡೆಸ್ಕೊಡಿ. ಪೆಟ್ಟಿಗೆ ಕೂಗಿದಾಗ ನಾನು ಪಕ್ಕದಲ್ಲೇ ಕೂತು ಖಾಲಿ ಅಂದ್ರೂ ನಿಲ್ಲಿಸಿ."

ಆಗಲಿ ಎಂದೆ. ಅಷ್ಟಕ್ಕೇ ಸುಮ್ಮನಿರಬಹುದಿತ್ತು. ಆದರೆ ಆ ಹುಡುಗಿಯ ಡಬ್ಬ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ.

"ಬುಪ್ಪಾ, ಅವತ್ತು ಅದು ಕೂಗಿದ ತಕ್ಷಣ ನಾನು ಬ್ರೇಕ್ ಹಾಕಲಿಲ್ಲ. ಮೊದಲು..."

"ಗೊತ್ತು ರೀ," ಎಂದಳು ಅವಳು. "ಎಂಜಿನ್ ಏರಿದ್ದು ಕೇಳಿಸ್ತು. ನನ್ನ ಮಾತು ನಂಬಿ ಏರಿಸಿದ್ರಿ."