ಕೀನ್ಯಾ ದೇಶದ ನಲ್ಲಪ್ಪ

“ಲೇ ನಲ್ಲಾ, ಇಳೀಲೇ ಕೆಳಕ್ಕೆ, ಬೋಳಿಮಗನೆ. ಜಗಲಿ ಹತ್ತೋ ಅಷ್ಟು ಕೊಬ್ಬು ಬಂತೇನೋ ನಿಂಗೆ?”

ಯಜಮಾನ ಆವಲಪ್ಪನವರು ಬಾಗಿಲಲ್ಲಿ ನಿಂತು ಬೈದದ್ದು ಇಡೀ ಬೀದಿಗೆ ಕೇಳಿಸಿತು. ಆದರೆ ಆಳು ನಲ್ಲಪ್ಪ ಜಗಲಿಯ ಮೇಲಿರಲಿಲ್ಲ. ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಆಗಷ್ಟೇ ಅಂಗಳಕ್ಕೆ ಕಾಲಿಡುತ್ತಿದ್ದ. ಬೀದಿಗೆ ಮುಖ ಮಾಡಿ, ನಲ್ಲಪ್ಪನ ಟವಲನ್ನೇ ತಲೆಗೆ ಸುತ್ತಿಕೊಂಡು ಜಗಲಿಯ ಮೇಲೆ ಕೂತಿದ್ದವನು ಕೀನ್ಯಾ ದೇಶದ ಮ್ವಾಂಗಿ.

ಚಿಕ್ಕಬಳ್ಳಾಪುರ ಹೊಸದಾಗಿ ಜಿಲ್ಲೆಯಾದ ವರ್ಷ ಅದು. ರೇಷ್ಮೆ ಕೃಷಿ ಕಲಿಯಲು ಬಂದಿದ್ದ ಮ್ವಾಂಗಿಯನ್ನು ಸಹಕಾರ ಸಂಘದ ಸೆಕ್ರೆಟರಿ ಪುಟ್ಟಸ್ವಾಮಯ್ಯ ಮುರುಗಮಲ್ಲದ ಆಚೆಗಿನ ಆ ಊರಿಗೆ ಕರೆತಂದಿದ್ದರು. ಹುಳದ ಮನೆ ನೋಡುವ ಮೊದಲು ಮ್ವಾಂಗಿ ತೋಟಕ್ಕೆ ನುಗ್ಗಿ, ನಲ್ಲಪ್ಪನ ಜೊತೆ ಸೊಪ್ಪು ಕೊಯ್ದು, ಬಿಸಿಲು ತಡೆಯದೆ ಅವನ ಟವಲು ಇಸಿದುಕೊಂಡು, ಒಂದು ಹೊರೆ ತಾನೂ ಹೊತ್ತು ಬಂದು ದಣಿವಾರಿಸಿಕೊಳ್ಳುತ್ತಿದ್ದ. ಹಿಂದಿನಿಂದ ನೋಡಿದರೆ ಇಬ್ಬರೂ ಒಂದೇ ಬಣ್ಣ, ಒಂದೇ ಬೆನ್ನು.

ಪುಟ್ಟಸ್ವಾಮಯ್ಯ ಏದುಸಿರು ಬಿಡುತ್ತಾ ಓಡಿಬಂದರು.

“ಯಜಮಾನ್ರೆ, ಇವರೇ ಫಾರಿನ್ನೋರು.”

“ಬೆಳ್ಳಗಿಲ್ವಲ್ಲ ಸ್ವಾಮಿ?”

“ಆಫ್ರಿಕಾ ಕಣ್ರೀ. ಅಲ್ಲಿ ಹಿಂಗೇ ಇರ್ತಾರೆ.”

ಮ್ವಾಂಗಿ ಎದ್ದು ನಿಂತು, ಯಜಮಾನರು ಏನೆಂದರು ಎಂದು ಇಂಗ್ಲಿಷಿನಲ್ಲಿ ಕೇಳಿದ. ಪುಟ್ಟಸ್ವಾಮಯ್ಯ ಬೆವರು ಒರೆಸಿಕೊಂಡು, ಅದು ಇಲ್ಲಿನ ಸ್ವಾಗತದ ಮಾತು, ದೊಡ್ಡವರು ಬಂದಾಗ ಹೀಗೇ ಅನ್ನುವುದು ಎಂದುಬಿಟ್ಟರು. ಮ್ವಾಂಗಿಗೆ ಬಹಳ ಖುಷಿಯಾಯಿತು. ಬಾಯಿಪಾಠ ಮಾಡಿಕೊಂಡ. ಸ್ವಲ್ಪ ಹೊತ್ತಿಗೆ ಜಿಲ್ಲೆಯ ದೊಡ್ಡ ಸಾಹೇಬರ ಜೀಪು ಬಂದು ನಿಂತಾಗ, ಅವರು ಒಂದು ಕಾಲು ಕೆಳಗಿಡುತ್ತಿದ್ದಂತೆಯೇ ಮ್ವಾಂಗಿ ಎದುರು ಹೋಗಿ ಕೈಮುಗಿದು ಹೇಳಿದ:

“ಇಳೀಲೇ ಕೆಳಕ್ಕೆ, ಬೋಳಿಮಗನೆ.”

ಸಾಹೇಬರು ಇಳಿದೇ ಇಳಿದರು. ತಿಪ್ಪೆಯ ಹತ್ತಿರ ನಿಂತಿದ್ದ ನಲ್ಲಪ್ಪ ಹೊರೆಯೊಳಗೆ ಮುಖ ಹುದುಗಿಸಿ ಹೊಟ್ಟೆ ಹಿಡಿದುಕೊಂಡು ನಕ್ಕ. ನಗುವುದನ್ನು ಯಜಮಾನರು ನೋಡಿದರೆ ಬೆನ್ನು ಮುರಿಯುತ್ತದೆ ಎಂದು ಗೊತ್ತಿದ್ದರೂ ನಗು ನಿಲ್ಲಲಿಲ್ಲ.

ಶಾಮಿಯಾನದಡಿ ಪುಟ್ಟಸ್ವಾಮಯ್ಯನವರ ಭಾಷಣವಾಯಿತು. “ಬಿಳಿಯರ ನಾಡುಗಳಲ್ಲಿ ಕರಿಯರಿಗೆ ಬೇರೆ ಬೆಂಚು, ಬೇರೆ ನಲ್ಲಿ ಇಟ್ಟಿದ್ದರು. ನಮ್ಮ ದೇಶದ ಸಂಸ್ಕೃತಿಯಲ್ಲಿ ಅಂಥ ಕೀಳು ಭಾವನೆ ಎಂದೂ ಇರಲಿಲ್ಲ,” ಎಂದರು. ಆವಲಪ್ಪನವರು ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದರು. ಆ ಹೊತ್ತಿಗೆ ಯಜಮಾನಿ ಅನಸೂಯಮ್ಮ ಹಿತ್ತಿಲ ಬಾಗಿಲಲ್ಲಿ ನಿಂತು ಚೊಂಬಿನಿಂದ ನೀರು ಎತ್ತಿ ಹುಯ್ಯುತ್ತಿದ್ದರು. ನಲ್ಲಪ್ಪ ಬೊಗಸೆಯೊಡ್ಡಿ ಕುಡಿಯುತ್ತಿದ್ದ.

ಊಟಕ್ಕೆ ಅತಿಥಿಯನ್ನು ನಡುಮನೆಯಲ್ಲಿ ಕೂರಿಸಿ ಬೆಳ್ಳಿ ತಟ್ಟೆ ಇಟ್ಟರು. ಮ್ವಾಂಗಿ ಸುತ್ತ ನೋಡಿ, ನನ್ನ ಗೆಳೆಯ ಎಲ್ಲಿ, ಅವನು ಊಟ ಮಾಡುವುದಿಲ್ಲವೇ ಎಂದ.

“ಅವನಿಗೆ ಇವತ್ತು ಉಪವಾಸ ಅಂತ ಹೇಳಿ ಸ್ವಾಮಿ,” ಎಂದರು ಆವಲಪ್ಪನವರು.

ಪುಟ್ಟಸ್ವಾಮಯ್ಯ ಹೇಳಿ ಮುಗಿಸುವಷ್ಟರಲ್ಲಿ ದನದ ಕೊಟ್ಟಿಗೆಯಿಂದ ದನಿ ಬಂತು.

“ಅಮ್ಮಾವ್ರೆ, ಇನ್ನೊಂದು ಮುದ್ದೆ ಇಕ್ಕಿ. ಹಸಿವು ಕಿತ್ಕೊಂಡು ತಿಂತೈತೆ.”

ಮ್ವಾಂಗಿ ಕಿಟಕಿಯಲ್ಲಿ ಇಣುಕಿದ. ಕೊಟ್ಟಿಗೆಯಲ್ಲಿ ಅಲ್ಯೂಮಿನಿಯಂ ತಟ್ಟೆ ಹಿಡಿದು ಕೂತ ನಲ್ಲಪ್ಪ ಕಂಡ. ಬಯಲು ಗಾಳಿಯಲ್ಲಿ ಉಣ್ಣುವುದು ಅವರ ಸಂಸ್ಕೃತಿ, ಅವರಿಗೆ ಅದೇ ಇಷ್ಟ ಎಂದರು ಪುಟ್ಟಸ್ವಾಮಯ್ಯ. ನನಗೂ ಅದೇ ಇಷ್ಟ ಎಂದು ಮ್ವಾಂಗಿ ಬೆಳ್ಳಿ ತಟ್ಟೆ ಎತ್ತಿಕೊಂಡು ಹೊರಟ. ಕೊಟ್ಟಿಗೆಗೆ ಹೋಗಿ ನಲ್ಲಪ್ಪನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕೂತ. ಅತಿಥಿ ಹೋದ ಮೇಲೆ ಸಾಹೇಬರೂ ಕೊಟ್ಟಿಗೆಗೇ ಹೋದರು. ಸಾಹೇಬರು ಹೋದ ಮೇಲೆ ಆವಲಪ್ಪನವರೂ ಹೋಗಲೇಬೇಕಾಯಿತು. ಅಷ್ಟರಲ್ಲಿ ಚಿಂತಾಮಣಿಯಿಂದ ಬಂದಿದ್ದ ಪೇಪರಿನವನು ಫೋಟೊ ಹೊಡೆದ. ನಡುವೆ ನಲ್ಲಪ್ಪ, ಒಂದು ಕಡೆ ಮ್ವಾಂಗಿ, ಇನ್ನೊಂದು ಕಡೆ ಸಾಹೇಬರು, ತುದಿಯಲ್ಲಿ ಸಗಣಿಗೆ ತಾಗದಂತೆ ಪಂಚೆಯನ್ನು ಮೊಣಕಾಲಿಗೆ ಎತ್ತಿಕೊಂಡ ಆವಲಪ್ಪನವರು. ಎಮ್ಮೆಯೂ ಒಂದು ಮೂಲೆಯಲ್ಲಿ ಬಂತು.

ಮರುದಿನ ಬೆಳಿಗ್ಗೆ ಟೀ ಅಂಗಡಿಯ ಬಯ್ಯಪ್ಪ ಪೇಪರು ಬಿಡಿಸಿ ಜೋರಾಗಿ ಓದಿದ. “ಪ್ರಗತಿಪರ ರೈತ ಶ್ರೀ ಆವಲಪ್ಪನವರೊಂದಿಗೆ ಕೀನ್ಯಾ ದೇಶದ ಪ್ರತಿನಿಧಿಗಳಾದ ಶ್ರೀ ಮ್ವಾಂಗಿ ಹಾಗೂ ಶ್ರೀ ನಲಾಪಾ.”

“ಇನ್ನೊಂದ್ಸಲ ಓದಣ್ಣ,” ಎಂದ ನಲ್ಲಪ್ಪ.

ಬಯ್ಯಪ್ಪ ಮತ್ತೆ ಓದಿದ. ನಗುನಗುತ್ತಲೇ ಟೀ ಸೋಸಿ, ಮರೆತು ಗಾಜಿನ ಲೋಟದಲ್ಲೇ ಕೊಟ್ಟುಬಿಟ್ಟ. ನಲ್ಲಪ್ಪನಿಗೆ ಯಾವಾಗಲೂ ಪ್ಲಾಸ್ಟಿಕ್ ಲೋಟ. ತಪ್ಪು ಗೊತ್ತಾಗಿ ಕೈ ಚಾಚುವ ಹೊತ್ತಿಗೆ ಲೋಟ ಖಾಲಿಯಾಗಿತ್ತು.

ಪೇಪರು ಹಿಡಿದು ನಲ್ಲಪ್ಪ ಕೇರಿಗೆ ಬಂದ. ಹೆಂಡತಿ ಗಂಗುಲಮ್ಮ ಫೋಟೊ ನೋಡಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ನಕ್ಕು ನಕ್ಕು ಸುಸ್ತಾಗಿ ಕೂತಳು.

“ಎಮ್ಮೆಗೂ ಒಂದು ದೇಶ ಬರೀಬೇಕಾಗಿತ್ತು ಕಣಯ್ಯ, ಬಿಟ್ಟವ್ರೆ.” ಆಮೇಲೆ ನಗು ನಿಂತಿತು. “ಈ ದೇಶದೋನಾಗಿ ಇಷ್ಟು ವರ್ಷ ಕೊಟ್ಟಿಗೇಲಿ ಉಂಡೆ. ಆ ದೇಶದೋನು ಬಂದ ತಕ್ಷಣ ಬೆಳ್ಳಿ ತಟ್ಟೆ ಇಕ್ಕವ್ರೆ. ಅವನಿಗಿಂತ ನೀನೇನು ಕರ್ರಗಿದೀಯಾ?”

“ಒಂಚೂರು ಬೆಳ್ಳಗೇ ಇದೀನಿ.”

“ಮತ್ತೆ ಹೋಗು. ಪೇಪರ್ನೋರು ಹೊಸ ದೇಶ ಕೊಟ್ಟವ್ರೆ. ನಡೀತದಾ ಇಲ್ವಾ ನೋಡ್ಕೊಂಡು ಬಾ.”

ತಮಾಷೆಗೆ ಅಂದಳೋ ನಿಜಕ್ಕೆ ಅಂದಳೋ ನಲ್ಲಪ್ಪನಿಗೆ ತಿಳಿಯಲಿಲ್ಲ. ಆದರೆ ಅವಳು ಪೆಟ್ಟಿಗೆಯಿಂದ ಮದುವೆಯ ಬಿಳಿ ಅಂಗಿ ತೆಗೆದು ಕೊಟ್ಟಳು. ಹೊಟ್ಟೆಯ ಹತ್ತಿರ ಅದರ ಗುಂಡಿ ಕೂಡಲಿಲ್ಲ. ಹಾಗೆಯೇ ಹಾಕಿಕೊಂಡು ಹೊರಟ. ತೋಟಕ್ಕೆ ಹೊರಟಿದ್ದ ಕೂಲಿ ಹೆಂಗಸರು ಅವನ ಅಂಗಿ ನೋಡಿ, ಏನೋ ಇದೆ ಎಂದು ಹಿಂದೆಯೇ ಬಂದರು.

ಯಜಮಾನರ ಮನೆಯ ಜಗಲಿ ಹತ್ತಿದ. ಹೊಸ್ತಿಲು ದಾಟಿದ. ನಡುಮನೆಯಲ್ಲಿ ನಿನ್ನೆ ಮ್ವಾಂಗಿ ಕೂತಿದ್ದ ಜಾಗದಲ್ಲೇ ಕೂತ. ಅನಸೂಯಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದರು.

“ಏನೋ ನಲ್ಲಾ, ಮೈಮೇಲೆ ದೇವ್ರು ಬಂದೈತಾ?”

“ಇಲ್ಲ ತಾಯಿ. ಕೀನ್ಯಾದಿಂದ ಬಂದಿದೀನಿ. ಊಟಕ್ಕಿಕ್ಕಿ.”

ಒಳಕೋಣೆಯಿಂದ ಆವಲಪ್ಪನವರು ಬಂದರು. ಬರುತ್ತಲೇ ಬೈಗುಳ ಶುರುವಾಯಿತು. ನಲ್ಲಪ್ಪನ ತಾಯಿ, ಅಜ್ಜಿ, ಕೇರಿಯ ಹೆಂಗಸರು ಯಾರನ್ನೂ ಬಿಡಲಿಲ್ಲ. ನಲ್ಲಪ್ಪ ಗೋಡೆಯ ಕಡೆ ನೋಡುತ್ತಿದ್ದ. ಅದರಲ್ಲಿ ದೊಡ್ಡ ಸಾಹೇಬರು ಇದ್ದಾರೆಂದು ಆವಲಪ್ಪನವರು ಪೇಪರಿನ ಫೋಟೊವನ್ನು ಕತ್ತರಿಸಿ, ದೇವರ ಪಟಗಳ ಪಕ್ಕದಲ್ಲಿ ಆಗಲೇ ಅಂಟಿಸಿದ್ದರು. ಅಂಚಿಗೆ ಒಂದು ಚೂರು ಕುಂಕುಮವೂ ಇತ್ತು.

“ಯಜಮಾನ್ರೆ, ಗೋಡೆ ಮ್ಯಾಲೆ ನೀವೇ ಕೂರ್ಸಿದೀರಲ್ಲ. ನೆಲದ ಮ್ಯಾಲೆ ಕೂತ್ರೆ ಏನಾಯ್ತದೆ?”

ಕಿಟಕಿಯ ಸರಳುಗಳಾಚೆ ಕೂಲಿ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆವಲಪ್ಪನವರು ಬಾಗಿಲ ಮೂಲೆಗೆ ಹೋಗಿ ದೊಣ್ಣೆ ಎತ್ತಿಕೊಂಡರು. ನಲ್ಲಪ್ಪ ಏಳಲಿಲ್ಲ. ಪಕ್ಕದಲ್ಲಿದ್ದ ಚೊಂಬಿನಿಂದ ಅಂಗೈಗೆ ನೀರು ಬಗ್ಗಿಸಿಕೊಂಡು, ತನ್ನ ಮುಂದಿನ ನೆಲಕ್ಕೆ ಚಿಮುಕಿಸಿ, ತಟ್ಟೆಯಿಡುವಷ್ಟು ಜಾಗವನ್ನು ನಿಧಾನವಾಗಿ ಒರೆಸಿದ.

“ಸಾರು ಬಿಸಿ ಮಾಡಿ ತಾಯಿ,” ಎಂದ.