ಸೊಣ್ಣಪ್ಪನ ಬದುವಿನ ಕೊನೆಯ ಹೊಂಗೆ

ಆವನಿ ಬೆಟ್ಟದ ಪಕ್ಕದ ನಮ್ಮೂರ ಹೊಲಗಳಲ್ಲಿ ಈಗ ಬುತ್ತಿ ಬಿಚ್ಚಿ ಉಣ್ಣಲು ನೆರಳಿಲ್ಲ. ಬಿಸಿಲು ಜಾಸ್ತಿಯಾಯಿತು, ಕಾಲ ಕೆಟ್ಟಿತು ಎಂದು ಎಲ್ಲರೂ ಗೊಣಗುತ್ತಾರೆ. ಮರ ಕಡಿದವರೇ ಇನ್ನೂ ಜೋರಾಗಿ ಗೊಣಗುತ್ತಾರೆ. ಕೇಳಿದರೆ ನನಗೆ ಮೈಯೆಲ್ಲಾ ಉರಿಯುತ್ತದೆ.

ನಮ್ಮ ಪಕ್ಕದ ಮನೆಯ ಸೊಣ್ಣಪ್ಪನನ್ನೇ ನೋಡಿ. ಅವನ ಬದುವಿನ ಮೇಲೆ ಸಾಲಾಗಿ ಹೊಂಗೆ ಮರಗಳಿದ್ದವು. ವರ್ಷವರ್ಷವೂ ಅವುಗಳ ಸೊಪ್ಪನ್ನು ಗೊಬ್ಬರವಾಗಿ ಹೊಲಕ್ಕೆ ಹಾಕಿ ರಾಗಿ ಬೆಳೆಯುತ್ತಿದ್ದ. ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾಡಲು ಮುಸುಕಿನ ಜೋಳಕ್ಕೆ ಗಿರಾಕಿ ಇದೆ ಎಂದು ಕೇಳಿದ್ದೇ ತಡ, ಅಂಚಿನವರೆಗೂ ಜೋಳ ಹಾಕಲು ಮರಗಳನ್ನು ಉರುಳಿಸಿದ. ಕೊಂಬೆಗಳನ್ನು ಅಲ್ಲೇ ಸುಟ್ಟ. ಸೊಪ್ಪಿಲ್ಲದ ಹೊಲಕ್ಕೆ ಯೂರಿಯಾ ಸುರಿದ. ಜೋಳದ ಎಲೆ ಹಳದಿಯಾದಾಗ, ಹೊಲದಲ್ಲಿ ನೀರು ನಿಂತಿದ್ದರೂ ನೋಡದೆ ಇನ್ನಷ್ಟು ಸುರಿದ.

ಉಳಿದದ್ದು ಬಾವಿ ಪಕ್ಕದ ಒಂದೇ ಮರ. ಮೊನ್ನೆ ಕಳೆ ಕೀಳುವಾಗ ಅವನ ಹೆಂಡತಿ ಅಶ್ವತ್ಥಮ್ಮ ಬಿಸಿಲಿಗೆ ತಲೆ ಸುತ್ತಿ ಬಿದ್ದಳು. ಪಕ್ಕದ ಹೊಲದಲ್ಲಿದ್ದ ನಾವು ಎತ್ತಿಕೊಂಡು ಹೋಗಿ ಮಲಗಿಸಿದ್ದು ಅದರ ನೆರಳಿನಲ್ಲೇ. ಇವತ್ತು ಆ ಮರವನ್ನೂ ಕಡಿಸಲು ಸೊಣ್ಣಪ್ಪ ಗರಗಸದ ಮಿಷನ್ನಿನ ಚಂದ್ರುವನ್ನು ಕರೆಸಿದ್ದ. ಅಶ್ವತ್ಥಮ್ಮ ಮರದ ಬುಡದಲ್ಲಿ ಕೂತವಳು ಏಳಲೇ ಇಲ್ಲ. ಗದ್ದಲ ಕೇಳಿ ನಾವೂ ಹೋಗಿ ಸೇರಿದೆವು.

ಅಷ್ಟರಲ್ಲಿ ಸೊಣ್ಣಪ್ಪನ ತಮ್ಮನ ಮಗಳು ಪದ್ಮಶ್ರೀ ಬಂದಳು. ನಮ್ಮ ಸ್ತ್ರೀಶಕ್ತಿ ಸಂಘದಿಂದ ಕೃಷಿ ತರಬೇತಿಗೆ ಹೋಗಿ ಬಂದವಳು.

"ಏಮ್ಮಾ, ನೀನೂ ಬಂದ್ಯಾ ಬುದ್ಧಿ ಹೇಳೋಕೆ?" ಸೊಣ್ಣಪ್ಪ ಸಿಡುಕಿದ. "ಈ ಜೋಳದಿಂದ ಮಾಡಿದ್ದನ್ನ ಪೆಟ್ರೋಲಿಗೆ ಬೆರೆಸಿದ್ರೆ ಗಾಳಿಗೆ ಒಳ್ಳೇದಂತೆ. ನಾನೇನು ಪಾಪ ಮಾಡ್ತಿದ್ದೀನಾ?"

"ಗಾಡಿ ಹೊಗೆ ಒಂದನ್ನೇ ನೋಡಿದ್ರೆ ಆಗಲ್ಲ ದೊಡ್ಡಪ್ಪ. ಹೊಲದಿಂದ ಏನು ಮೇಲೇಳುತ್ತೆ ಅನ್ನೋದನ್ನೂ ನೋಡ್ಬೇಕು."

"ಹೊಲದಲ್ಲೆಲ್ಲಿದೆ ಹೊಗೆ? ನಂಗೇನು ಕಣ್ಣಿಲ್ವಾ?"

"ಅದು ಕಣ್ಣಿಗೆ ಕಾಣಲ್ಲ. ಬೆಳೆ ಹೀರದೆ ಉಳಿದ ಯೂರಿಯಾದಲ್ಲಿ ಒಂದಿಷ್ಟು ನೈಟ್ರಸ್ ಆಕ್ಸೈಡ್ ಅನ್ನೋ ಅನಿಲ ಆಗಿ ಮೇಲೇಳುತ್ತೆ. ಗಾಡಿ ಹೊಗೇಲಿರೋ ಇಂಗಾಲದ ಅನಿಲಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಸಿ ಹಿಡಿದಿಡುತ್ತೆ. ಮರ ಸುಟ್ರಲ್ಲ, ಅದು ಇಷ್ಟು ವರ್ಷ ಒಳಗಿಟ್ಕೊಂಡಿದ್ದ ಇಂಗಾಲವೂ ಗಾಳಿಗೆ ಹೋಯ್ತು. ಹಿಂಗೆ ಬೆಳೆದ ಜೋಳ ಗಾಳಿಗೆ ಏನು ಒಳ್ಳೇದು ಮಾಡುತ್ತೆ, ಹೇಳಿ?"

"ಹಂಗಾದ್ರೆ ಜೋಳ ಬೆಳೀಲೇಬಾರ್ದಾ?"

"ಬೆಳೀರಿ, ಯಾರು ಬೇಡ ಅಂದ್ರು? ಮಣ್ಣು ಪರೀಕ್ಷೆ ಮಾಡಿಸಿ, ಬೇಕಾದಷ್ಟೇ ಯೂರಿಯಾ ಹಾಕಿ, ಅದನ್ನೂ ಎರಡು ಮೂರು ಸಲಕ್ಕೆ ಹಂಚಿ ಹಾಕಿ. ನೀರು ನಿಂತಾಗ ಹಾಕ್ಬೇಡಿ. ಸಾಲಿನ ಮಧ್ಯೆ ಅಲಸಂದೆ ಬಿತ್ತಿ, ಅದು ಮಣ್ಣಿಗೆ ಸತ್ವ ಕೊಡುತ್ತೆ, ಯೂರಿಯಾ ಕಮ್ಮಿ ಸಾಕಾಗುತ್ತೆ. ಮರ ಮಾತ್ರ ಮುಟ್ಬೇಡಿ."

ಈಗ ಅಶ್ವತ್ಥಮ್ಮ ಬಾಯಿ ಬಿಟ್ಟಳು: "ಮೊನ್ನೆ ಈ ಮರ ಇಲ್ದಿದ್ರೆ ನನ್ನನ್ನ ಎಲ್ಲಿ ಮಲಗಿಸ್ತಿದ್ರಿ? ಜೋಳದ ಮಧ್ಯಾನಾ?"

ಸೊಣ್ಣಪ್ಪನ ಮುಖ ಬಾಡಿತು. "ಲೇ ಚಂದ್ರು, ಮಿಷನ್ ಎತ್ತಿಡಪ್ಪ," ಎಂದ. ಬದುವಿನುದ್ದಕ್ಕೂ ಕರಿ ಹಿಡಿದು ನಿಂತ ಬುಡಗಳನ್ನು ನೋಡಿ, "ಮುಂದಿನ ಮಳೆಗೆ ಸಸಿ ನೆಡ್ತೀನಿ ಕಣೇ," ಎಂದ.

"ನೆಡಿ. ಅದರ ನೆರಳಲ್ಲಿ ಕೂರೋಕೆ ನಾನಿರ್ತೀನೋ ಇಲ್ವೋ," ಎಂದಳು ಅಶ್ವತ್ಥಮ್ಮ.

ಅವನು ಅವಳ ಪಕ್ಕ ಕೂತ. ಬಿಸಿಲು ತಡೆಯಲಾರದೆ ನಾವೂ ಅದೇ ಮರದಡಿ ಒತ್ತಿಕೊಂಡು ಕೂತೆವು. ಕಡಿಯಲು ಬಂದ ಚಂದ್ರುವೂ ಕೂತ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಜೋಳ ಯಾವ ಗಾಡಿಯ ಟ್ಯಾಂಕಿಗಾದರೂ ಹೋಗಲಿ, ಬಿಸಿಲು ಬೀಳುವುದು ನಿಮ್ಮ ತಲೆಯ ಮೇಲೆಯೇ. ಮಣ್ಣು ಪರೀಕ್ಷೆ ಮಾಡಿಸಿ. ಯೂರಿಯಾ ಮಿತಿ ಮೀರಿ ಸುರಿಯಬೇಡಿ. ಕೊಂಬೆ, ಜೋಳದ ದಂಟು ಸುಡಬೇಡಿ. ಬದುವಿನ ಮರಕ್ಕೆ ಗರಗಸ ಇಡುವ ಮೊದಲು, ನಾಳೆ ನಿಮ್ಮ ಮನೆಯವರು ಬಿಸಿಲಿಗೆ ಬಿದ್ದರೆ ಎಲ್ಲಿ ಮಲಗಿಸುತ್ತೀರಿ ಎಂದು ಯೋಚನೆ ಮಾಡಿ.