ಬೀರುವಿನ ಹಿಂದಿನ ಬಾಗಿಲು

೦.

ಈ ಕಥೆಯನ್ನು ಎಲ್ಲಿಂದ ಶುರು ಮಾಡಲಿ? ಬಾಗಿಲಿನಿಂದ ಅಂದರೆ, ಕಥೆಯಲ್ಲಿರುವ ಮನೆಗೆ ಎರಡು ಬಾಗಿಲು, ಯಾವುದು ಮುಂದಿನದು ಎಂಬುದೇ ಜಗಳ. ಪಾತ್ರದಿಂದ ಅಂದರೆ, ಮುಖ್ಯ ಪಾತ್ರ ನಗರಸಭೆಯ ಸದಸ್ಯೆ. ಮೈಕ್ ಕೊಟ್ಟರೆ ವಾಪಸ್ ಬರುವುದಿಲ್ಲ. ನಗರಸಭೆಯಿಂದ ಅಂದರೆ ನೀವು ಪುಟ ತಿರುಗಿಸುತ್ತೀರಿ. (ತಿರುಗಿಸಬೇಡಿ. 'ವಾರ್ಡ್ ಪುನರ್ವಿಂಗಡಣೆ' ಎಂಬ ಪದವನ್ನು ಇನ್ನು ಬಳಸುವುದಿಲ್ಲ, ಆಣೆ.)

ಪತ್ರಿಕೆಯ ದನಿಯಲ್ಲಿ ಒಂದು ಪ್ರಯತ್ನ:

"ನಗರದ ವಾರ್ಡ್‌ಗಳ ಹೊಸ ಗಡಿಗಳ ಕರಡು ನಕ್ಷೆ ಪ್ರಕಟಗೊಂಡಿದ್ದು, ಸದಸ್ಯೆಯೊಬ್ಬರ ಮನೆಯನ್ನು ಅವರದೇ ವಾರ್ಡಿನಲ್ಲಿ ಉಳಿಸಲಾಗಿದ್ದು, ನಕ್ಷೆ ತಯಾರಿಸಿದವರು ಅವರ ಮೈದುನರೇ ಆಗಿದ್ದು..."

ಗೊಂಡಿದ್ದು, ಲಾಗಿದ್ದು, ಆಗಿದ್ದು. ಇಂಥ ವಾಕ್ಯದಲ್ಲಿ ಎಲ್ಲವೂ ಆಗಿರುತ್ತದೆ, ಮನುಷ್ಯರು ಮಾತ್ರ ಇರುವುದಿಲ್ಲ. ಹರಿದು ಹಾಕಿದೆ.

ಟಿವಿಯ ದನಿಯಲ್ಲಿ: "ಬೀರು ಹಿಂದೆ ಬಾಗಿಲು! ಬಾಗಿಲ ಹಿಂದೆ ಯಾರು? ಒಂದು ಪುಟ್ಟ ಬ್ರೇಕ್ ನಂತರ!" ಬ್ರೇಕ್ ಮುಗಿಸಿ ಬಂದಾಗಲೂ ಅದೇ ಬೀರು ನಿಂತಿತ್ತು. ಅದನ್ನೂ ಬಿಟ್ಟೆ.

ಸರಿ, ಅಡುಗೆಮನೆಯಿಂದ ಒಳಹೊಗುತ್ತೇನೆ. ಆ ಮನೆಯವರೆಲ್ಲ ಒಳಗೆ ಬರುವುದು ಹಾಗೇ.

೧.

ಮನೆ ಉದ್ದಕ್ಕೆ ರೈಲು ಡಬ್ಬಿಯ ಹಾಗಿದೆ. ಒಂದು ತುದಿ ದೊಡ್ಡ ರಸ್ತೆಗೆ, ಇನ್ನೊಂದು ತುದಿ ಹಿಂದಿನ ಓಣಿಗೆ. ಅಡುಗೆಮನೆ ಇರುವುದು ಓಣಿಯ ಕಡೆ. ಮನೆಯಲ್ಲಿರುವವರು ಮೂವರು: ಅತ್ತೆ, ಸೊಸೆ, ಸೊಸೆಯ ಮೈದುನ. ಮೈದುನನ ಅಣ್ಣ, ಅಂದರೆ ಸೊಸೆಯ ಗಂಡ, ತೀರಿಕೊಂಡು ವರ್ಷಗಳಾದವು. ಮದುವೆಯ ವಾರದಲ್ಲಿ ಅವನು ಹೆಂಡತಿಗೆಂದು ಆನೆಗಾತ್ರದ ಕಬ್ಬಿಣದ ಬೀರು ತಂದಿದ್ದ. ಅದು ಯಾವ ಕೋಣೆಗೂ ಹಿಡಿಸಲಿಲ್ಲ. "ಎರಡು ದಿನ ಇಲ್ಲಿರಲಿ" ಎಂದು ದೊಡ್ಡ ರಸ್ತೆಯ ಬಾಗಿಲಿಗೆ ಅಡ್ಡವಾಗಿ ನಿಲ್ಲಿಸಿದ. ಆ ಎರಡು ದಿನ ಇನ್ನೂ ಮುಗಿದಿಲ್ಲ.

ಹೀಗಾಗಿ ಆ ಮನೆಯಲ್ಲಿ ಎಲ್ಲರೂ ಓಣಿಯಿಂದಲೇ ಓಡಾಡುತ್ತಾರೆ. ಅಂಚೆಯವನೂ ಸುತ್ತು ಹಾಕಿಕೊಂಡು ಓಣಿಗೇ ಬರುತ್ತಾನೆ.

ಸೊಸೆಯನ್ನು ಓಣಿಯವರು ಓಣಿಯಕ್ಕ ಅನ್ನುತ್ತಾರೆ. ಎರಡು ಸಲ ಅವರನ್ನು ನಗರಸಭೆಗೆ ಗೆಲ್ಲಿಸಿದವರೂ ಈ ಓಣಿಯವರೇ: ಇಸ್ತ್ರಿ ಅಂಗಡಿಯವರು, ಬೇಕರಿಯ ಒಲೆ ಉರಿಸುವವರು, ಒಂದೊಂದೇ ಕೋಣೆಯ ಬಾಡಿಗೆ ಸಂಸಾರಗಳು. ಮೈದುನ ನಗರಸಭೆಯ ನಕ್ಷೆ ವಿಭಾಗದಲ್ಲಿ ನಕ್ಷೆಗಾರ. ಅಕ್ಕನದು ಮಾತು, ಅವನದು ಗೆರೆ.

೨.

(ಇಲ್ಲಿ ಸ್ವಲ್ಪ ಕಾನೂನು. ನುಂಗಿಬಿಡಿ, ಕಹಿ ಜಾಸ್ತಿ ಇಲ್ಲ.)

ಈ ನಗರಸಭೆಯಲ್ಲಿ ಎಲ್ಲೂ ಬರೆದಿಡದ ಒಂದು ಪದ್ಧತಿಯಿದೆ. ಯಾವ ರಸ್ತೆಯನ್ನು ಮುಟ್ಟುವ ಮೊದಲೂ ಅಧ್ಯಕ್ಷರು ಆ ವಾರ್ಡಿನ ಸದಸ್ಯರ ಕಡೆ ನೋಡುತ್ತಾರೆ. ಸದಸ್ಯರು ತಲೆಯಾಡಿಸಿದರೆ ಕೆಲಸ ಮುಂದಕ್ಕೆ, ಇಲ್ಲದಿದ್ದರೆ ಮುಂದಿನ ಸಭೆಗೆ. ಸದಸ್ಯರಿಗೆ ತಲೆ ಇರಲೇಬೇಕೆಂದು ನಿಯಮವಿಲ್ಲ, ಅಲ್ಲಾಡಬೇಕು, ಅಷ್ಟೆ.

ಓಣಿಯನ್ನು ಅಗಲ ಮಾಡುವ ಯೋಜನೆ ವರ್ಷವರ್ಷವೂ ಸಭೆಗೆ ಬರುತ್ತದೆ. ಅಗಲವಾದರೆ ಒಂದು ಮಗ್ಗುಲಿನ ಕೋಣೆಗಳೆಲ್ಲ ಹೋಗುತ್ತವೆ. ಓಣಿಯಕ್ಕ ವರ್ಷವರ್ಷವೂ ಕತ್ತು ಗಟ್ಟಿ ಹಿಡಿದು ಕೂರುತ್ತಾರೆ. ಈಗ ದೊಡ್ಡ ರಸ್ತೆಯನ್ನು ಬೇರೆ ವಾರ್ಡಿಗೆ ಸೇರಿಸುತ್ತಿದ್ದಾರೆ, ಓಣಿ ಈ ಕಡೆಯೇ ಉಳಿಯುತ್ತದೆ. ಈ ಊರಿನ ನಿಯಮದಂತೆ, ಓಣಿಯಿಂದ ಚುನಾವಣೆಗೆ ನಿಲ್ಲಬೇಕಾದರೆ ಓಣಿಯ ವಾರ್ಡಿನಲ್ಲೇ ಮತದಾರರಾಗಿರಬೇಕು. ಮನೆ ದೊಡ್ಡ ರಸ್ತೆಗೆ ಸೇರಿದರೆ ಓಣಿಗೆ ಅಕ್ಕ ಇಲ್ಲ. ಅಕ್ಕನ ಕತ್ತು ಇಲ್ಲದಿದ್ದರೆ ಕೋಣೆಗಳೂ ಇಲ್ಲ.

ಮನೆ ಯಾವ ರಸ್ತೆಗೆ ಸೇರಿದ್ದು? ಮುಖ್ಯ ಬಾಗಿಲು ಯಾವ ರಸ್ತೆಗೆ ತೆರೆಯುತ್ತದೋ ಅದಕ್ಕೆ. ಕಾನೂನು ಮುಗಿಯಿತು, ಬಾಯಿ ಮುಕ್ಕಳಿಸಿ.

೩.

ಮೈದುನ ಗಡಿಯ ಮೇಲಿನ ಪ್ರತಿ ಮನೆಯ ಬಾಗಿಲನ್ನೂ ಹೋಗಿ ನೋಡಿದ್ದ. ಬಾಗಿಲ ಸಂಖ್ಯೆಯನ್ನು ಕಚೇರಿಯ ದಾಖಲೆಯೊಂದಿಗೆ ತಾಳೆ ಹಾಕಿದ್ದ. ಒಂದು ಮನೆಯನ್ನು ಮಾತ್ರ ನೋಡಲಿಲ್ಲ. ಸ್ವಂತ ಮನೆಯ ವಿಳಾಸವನ್ನು ಯಾರಾದರೂ ಪರೀಕ್ಷಿಸುತ್ತಾರೆಯೇ? ಕೈ ತಾನಾಗಿ ಮನೆಯನ್ನು ಓಣಿಯ ಕಡೆ ಇಟ್ಟಿತು. ಚಪ್ಪಲಿ ಬಿಡುವುದು ಅಲ್ಲಿ ತಾನೆ?

ನಕ್ಷೆಯನ್ನು ನಗರಸಭೆಯ ಹಜಾರದಲ್ಲಿ ತೂಗುಹಾಕಿದ ದಿನವೇ ಪಕ್ಕದ ವಾರ್ಡಿನ ಸದಸ್ಯ ಅದರ ಮುಂದೆ ನಿಂತ. ನೆಲಕ್ಕೆ ಹಾಸುವ ಟೈಲ್ಸ್ ವ್ಯಾಪಾರಿ, ಊರಿಗೆಲ್ಲ ಟೈಲ್ಸಣ್ಣ.

"ಬೇಸಿಕಲಿ," ಅಂದ ಟೈಲ್ಸಣ್ಣ, ಹಜಾರದಲ್ಲಿದ್ದವರೆಲ್ಲ ಕೇಳುವಂತೆ, "ಇದು ಹಿಂಬಾಗಿಲ ರಾಜಕೀಯ! ಅತ್ತಿಗೆಗೆ ಸೀಟು ಬೇಕು, ಮೈದುನಂಗೆ ಪೆನ್ಸಿಲ್ ಇದೆ. ಪಾರದರ್ಶಕತೆ ಎಲ್ಲಿ ಸ್ವಾಮೀ?"

(ಇಡೀ ರಾಜಕೀಯ ಜೀವನದಲ್ಲಿ ಅವನು ಅಕ್ಷರಶಃ ಸತ್ಯ ನುಡಿದದ್ದು ಅದೊಂದೇ ಸಲ. ಅವನನ್ನು ಖಳನಾಯಕ ಮಾಡಬೇಕೆಂದು ಮೀಸೆ ಅಂಟಿಸಲು ಹೋದೆ. ಕೈ ತಳ್ಳಿದ. "ನಿಮ್ಮ ತಲೆ ಮೇಲೆ ಟೈಲ್ಸ್ ಪೆಟ್ಟಿಗೆ ಹೊತ್ಕೊಂಡು ಆ ಓಣಿಲಿ ನನ್ನ ಗೋಡೌನಿಗೆ ಒಂದ್ಸಲ ಬನ್ನಿ ಸಾರ್. ನನ್ನ ಕೂಲಿಯವ್ರ ಸೊಂಟ ಬಿದ್ದು ಹೋಗಿದೆ. ಲಾರಿ ಒಳಗೆ ಬರ್ಲಿ ಅಂದ್ರೆ ತಪ್ಪಾ?" ತಪ್ಪಲ್ಲ. ಮೀಸೆ ಜೇಬಿಗೆ ಹಾಕಿಕೊಂಡೆ.)

ಟೈಲ್ಸಣ್ಣ ಅಂದೇ ಲಿಖಿತ ಆಕ್ಷೇಪ ಕೊಟ್ಟ. ಮೈದುನ ಓಡಿ ಹೋಗಿ ದಾಖಲೆ ನೋಡಿದ. ಬಾಗಿಲ ಸಂಖ್ಯೆ ದೊಡ್ಡ ರಸ್ತೆಯದು.

೩, ಮತ್ತೆ.

ಮನೆಗೆ ಬಂದು ಹೇಳಿದ. ಅಕ್ಕ ಪಾತ್ರೆ ಒರೆಸುತ್ತಿದ್ದರು.

"ಅತ್ತಿಗೆ, ನಮ್ಮನೆ ದೊಡ್ಡ ರಸ್ತೆಲಿದೆ."

"ಯಾವಾಗಿಂದ?"

"ಮೊದ್ಲಿಂದ್ಲೂ."

ಅತ್ತೆ ಮೂಲೆಯಿಂದ ಕೇಳಿದರು: "ಹಂಗಂದ್ರೆ ಇಷ್ಟು ವರ್ಷ ನಾವು ಹಿತ್ತಲಲ್ಲಿ ಸಂಸಾರ ಮಾಡಿದ್ವೇನೋ?"

"ಇಲ್ಲಮ್ಮ. ಬಾಗಿಲ್ದು ಮಾತ್ರ..."

"ಬೇಡ ಕಣೋ ಆ ಬೀರು ಅಂತ ನಿಮ್ಮಣ್ಣಂಗೆ ಬಡ್ಕೊಂಡೆ."

ಅಕ್ಕ ಪಾತ್ರೆ ಕೆಳಗಿಟ್ಟರು. "ನೀನು ಬೇಕಂತ ಮಾಡ್ಲಿಲ್ಲ ತಾನೆ?"

"ಇಲ್ಲ ಅತ್ತಿಗೆ. ನೋಡ್ಲೇ ಇಲ್ಲ."

"ಅದೇ ಕಷ್ಟ ಆಗಿದ್ದು. ಬೇಕಂತ ಮಾಡಿದ್ರೆ ಬೈದು ಸುಮ್ಮನಾಗ್ಬಹುದಿತ್ತು."

೫.

(ನಾಲ್ಕನೆಯದರಲ್ಲಿ ಅಕ್ಕ ಕಣ್ಣೀರು ಹಾಕುತ್ತಿದ್ದರು. ಅವರೇ ಓದಿ ಹೊಡೆದು ಹಾಕಿದರು. "ಏನ್ರೀ ಕಥೆಗಾರ್ರೇ, ವಿಧವೆ ಅಂದ ತಕ್ಷಣ ಸೆರಗು ಕಣ್ಣಿಗೆ ಹೋಗ್ಬೇಕಾ? ನನಗೆ ಬಂದಿದ್ದು ಸಿಟ್ಟು.")

ಸಿಟ್ಟಿನಲ್ಲಿರುವ ಪಾತ್ರಕ್ಕೆ ಬರೆಯುವವನು ಏನಾದರೂ ದಾರಿ ತೋರಿಸಬೇಕು. ತೋರಿಸಿದೆ.

ಮುಕ್ತಾಯ ಅ: ಅಕ್ಕ ರಾತ್ರೋರಾತ್ರಿ ದೊಡ್ಡ ರಸ್ತೆಯ ಬಾಗಿಲಿಗೆ ಇಟ್ಟಿಗೆ ಕಟ್ಟಿಸಿ ಬಣ್ಣ ಹೊಡೆಸುತ್ತಾರೆ. ತಪಾಸಣೆಗೆ ಬಂದವರಿಗೆ ಒಂದೇ ಬಾಗಿಲು ಕಾಣುತ್ತದೆ. ಜಯ.

ಅಕ್ಕ: "ನಾನು ಜನರ ಗೋಡೆ ಉಳಿಸೋಕೆ ಹೊರಟವಳು, ಸುಳ್ಳು ಗೋಡೆ ಕಟ್ಟೋಕಲ್ಲ. ಇನ್ನೊಂದು ಹೇಳಿ."

ಮುಕ್ತಾಯ ಆ: ಮೈದುನನ ನೌಕರಿ ಉಳಿಯಲೆಂದು ಅಕ್ಕ ತಮ್ಮ ಮನೆಯ ವಿರುದ್ಧವೇ ಆಕ್ಷೇಪ ಕೊಡುತ್ತಾರೆ. ಅದೇ ಹೊತ್ತಿಗೆ, ಅತ್ತಿಗೆಯ ಸೀಟು ಉಳಿಯಲೆಂದು ಅವನು ರಾಜೀನಾಮೆ ಕೊಡುತ್ತಾನೆ. ಇಬ್ಬರೂ ಮೆಟ್ಟಿಲ ಮೇಲೆ ಎದುರಾಗುತ್ತಾರೆ. ಹಿನ್ನೆಲೆಯಲ್ಲಿ ಪಿಟೀಲು.

ಮೈದುನ: "ಪಿಟೀಲು ಯಾರು ಕುಯ್ತಾರೆ? ನೀವೇನಾ?"

ನಾನೇ ಕುಯ್ಯುತ್ತಿದ್ದೆ. ನಿಲ್ಲಿಸಿದೆ.

೬.

ತಪಾಸಣೆಗೆ ಬಂದ ಅಧಿಕಾರಿ ಹೆಂಗಸು; ಬಿಸಿಲಿಗೆ ಬೇಸತ್ತಿದ್ದರು, ನ್ಯಾಯಕ್ಕೆ ಇನ್ನೂ ಬೇಸತ್ತಿರಲಿಲ್ಲ. ದೊಡ್ಡ ರಸ್ತೆಯ ಬಾಗಿಲು ತಟ್ಟಿದರು. ಒಳಗಿನಿಂದ ಅತ್ತೆಯ ದನಿ:

"ಸುತ್ಕೊಂಡು ಓಣಿ ಕಡೆಯಿಂದ ಬಾರಮ್ಮಾ! ಇಲ್ಲಿ ಬೀರು ಇದೆ!"

ಸುತ್ತಿಕೊಂಡು ಬಂದರು. ಹಿಂದೆ ಟೈಲ್ಸಣ್ಣ, ಅವನ ಹಿಂದೆ ಅರ್ಧ ಓಣಿ. ಇಸ್ತ್ರಿಯವನು ಕೈಯಲ್ಲಿ ಬಿಸಿ ಪೆಟ್ಟಿಗೆ ಹಿಡಿದುಕೊಂಡೇ ಬಂದಿದ್ದ. ಅಧಿಕಾರಿ ಮನೆಯನ್ನು ಈ ತುದಿಯಿಂದ ಆ ತುದಿಗೆ ನಡೆದು ನೋಡಿದರು, ಬೀರುವನ್ನು ಒಮ್ಮೆ ತಳ್ಳಿ ನೋಡಿದರು. ಅದು ಕದಲಲಿಲ್ಲ.

"ನೋಡಿ," ಅಂದರು ಮೈದುನನಿಗೆ, "ತೆರೆಯೋಕೆ ಬರದ ಬಾಗಿಲನ್ನ ಮುಖ್ಯ ಬಾಗಿಲು ಅನ್ನೋದು ಕಷ್ಟ. ಸ್ಥಳ ನೋಡಿ, ಯೋಚ್ನೆ ಮಾಡಿ, ಓಣಿ ಬಾಗಿಲೇ ಮುಖ್ಯ ಅಂತ ನೀವು ತೀರ್ಮಾನಿಸಿದ್ರಿ ಅಂತಾದ್ರೆ, ನಕ್ಷೆ ಹಾಗೇ ಇರ್ಲಿ ಅಂತ ನಾನು ಬರೀತೀನಿ. ಎಲ್ಲರ ಮುಂದೆ ಹೇಳಿ. ತೀರ್ಮಾನಿಸಿದ್ರಾ?"

ಒಂದು 'ಹೂಂ' ಸಾಕಿತ್ತು. ಓಣಿಯ ಕೋಣೆಗಳೆಲ್ಲ ಆ ಒಂದು ಅಕ್ಷರಕ್ಕೆ ನೇತು ಬಿದ್ದಿದ್ದವು. ಇಸ್ತ್ರಿಯವನು ಮೈದುನನ ಪರವಾಗಿ ತಾನೇ ತಲೆಯಾಡಿಸುತ್ತಿದ್ದ. ನಾನೂ ಅವನ ಕಿವಿಯಲ್ಲಿ ಪಿಸುಗುಟ್ಟಿದೆ: ಹೇಳಪ್ಪಾ, ಒಳ್ಳೆಯದಕ್ಕೆ ಹೇಳುವ ಸುಳ್ಳು.

ಮೈದುನ ಬಾಯಿ ತೆರೆದ. ಮುಚ್ಚಿದ. ಮತ್ತೆ ತೆರೆದ. 'ಹೂಂ' ಎಂಬ ಶಬ್ದಕ್ಕೆ ಬಾಯಿ ತೆರೆಯಬೇಕಾಗಿಯೇ ಇಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

"ಅವನು ನೋಡಿಲ್ಲ ಮೇಡಂ," ಅಂದರು ಓಣಿಯಕ್ಕ.

"ಅಕ್ಕಾ!" ಅಂದ ಇಸ್ತ್ರಿಯವನು.

"ಸುಮ್ನಿರಪ್ಪ. ಅವನು ಹುಟ್ಟಿ ಬೆಳೆದ ಮನೆ, ನೋಡೋದೇನಿತ್ತು? ಇವತ್ತು ಇವನ ಬಾಯಲ್ಲಿ 'ತೀರ್ಮಾನಿಸಿದೆ' ಅನ್ನಿಸಿದ್ರೆ, ನಾಳೆ ನಿಮ್ಮ ಕೋಣೆ ವಿಷ್ಯಕ್ಕೆ ನಾನು ಸಭೇಲಿ ಎದ್ದು ನಿಂತಾಗ 'ಪೆನ್ಸಿಲಲ್ಲಿ ಗೆದ್ದವಳು ಕೂತ್ಕೋ' ಅಂತಾರೆ. ಆಗ ನನ್ನ ಕತ್ತಿಗೆ ಬೆಲೆ ಇರುತ್ತಾ?" ಮೈದುನನ ಕಡೆ ತಿರುಗಿದರು. "ಗೆರೆ ಸರಿ ಮಾಡೋ."

ಟೈಲ್ಸಣ್ಣನಿಗೆ ಗೆದ್ದ ಮುಖ ಮಾಡಬೇಕೆಂದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು.

೭.

ಇಲ್ಲಿಗೆ ನಿಲ್ಲಿಸಿದ್ದರೆ ದುರಂತ. ತ್ಯಾಗ, ಮೌನ, ಪರದೆ. ನಾನು ಪರದೆಯ ಹಗ್ಗ ಎಳೆಯುತ್ತಿದ್ದಾಗ ಅಕ್ಕ ಕೇಳಿದರು:

"ನಾನು ಓಣಿಲೇ ಇದ್ರೆ?"

"ಅಂದ್ರೆ?"

"ಮನೆ ಆ ಕಡೆ ಹೋದ್ರೆ ಹೋಗ್ಲಿ. ನಾನ್ಯಾಕೆ ಹೋಗ್ಲಿ? ಇಸ್ತ್ರಿ ಅಂಗಡಿ ಮೇಲಿನ ಕೋಣೆ ಖಾಲಿ ಇದೆ."

ನಾನು ಹಗ್ಗ ಬಿಟ್ಟೆ. (ಪರದೆ ನನ್ನ ತಲೆಯ ಮೇಲೆ ಬಿತ್ತು. ಈ ಕಂಡಿಕೆಯನ್ನು ಅದರ ಒಳಗಿಂದಲೇ ಬರೆಯುತ್ತಿದ್ದೇನೆ.)

ಅತ್ತೆ ಕೆರಳಿದರು. "ಓಟಿಗೋಸ್ಕರ ಮನೆ ಬಿಡ್ತೀಯೇನೇ? ಜನ ಏನಂತಾರೆ? ಅತ್ತೆ ಓಡಿಸಿದ್ಲು ಅಂತಾರೆ."

"ಓಡಿಸಿದ್ರೆ ಅಷ್ಟು ಹತ್ತಿರ ಯಾಕೆ ಹೋಗ್ತೀನಿ ಅತ್ತೆ? ಕೆಮ್ಮಿದ್ರೆ ಕೇಳ್ಸುತ್ತೆ."

"ನಾನು ಕೆಮ್ಮೋದೇ ಇಲ್ಲ," ಅಂದರು ಅತ್ತೆ, ಮತ್ತು ತಕ್ಷಣ ಕೆಮ್ಮು ಬಂತು.

ಅಕ್ಕ ಹೋದರು. ಒಂದು ಚಾಪೆ, ಒಂದು ದಿಂಬು, ಎರಡು ಚೀಲ. ಬೀರು ಒಯ್ಯಲಿಲ್ಲ, ಇಸ್ತ್ರಿಯವನ ಮೆಟ್ಟಿಲು ತಡೆಯುತ್ತಿರಲಿಲ್ಲ.

ಸುಖಾಂತ? ತಾಳಿ. ಟೈಲ್ಸಣ್ಣ ದಡ್ಡನಲ್ಲ. "ಬೇಸಿಕಲಿ ಇದು ನಾಟಕ. ಅಲ್ಲಿ ಚಾಪೆ, ಇಲ್ಲಿ ಸಂಸಾರ. ಊಟ ಎಲ್ಲೋ ಮನೆ ಅಲ್ಲೇ. ಆಯಮ್ಮ ಹಳೇ ಮನೇಲಿ ಒಂದು ತುತ್ತು ತಿಂದಿದ್ದು ಕಂಡ್ರೂ ಮತ್ತೆ ಆಕ್ಷೇಪ ಹಾಕ್ತೀನಿ," ಅಂದ. ಬೇಕರಿಯ ಕಟ್ಟೆಯ ಮೇಲೆ ಅವನ ಕಡೆಯವನೊಬ್ಬ ಪ್ರತಿ ಸಂಜೆ ಬನ್ನು ತಿನ್ನುತ್ತಾ ಕೂರತೊಡಗಿದ. ಬೇಕರಿಗೆ ವ್ಯಾಪಾರ, ಓಣಿಗೆ ಬೇಹುಗಾರಿಕೆ.

೮ (ಕೊನೆ ಅಲ್ಲ.)

ಒಂದು ಸಂಜೆ ಅತ್ತೆ ಅಡುಗೆಮನೆಯಿಂದ ಕೂಗಿದರು: "ತಟ್ಟೆ ಹಾಕಿದೀನಿ, ಬಾರೇ!" ಎಷ್ಟೋ ವರ್ಷಗಳ ಕೂಗು, ಬಾಯಿಗೆ ಗಡಿ ಗೊತ್ತಿಲ್ಲ.

ಅಕ್ಕ ಕೋಣೆಯಿಂದ ಇಳಿದು ಹೊಸ್ತಿಲವರೆಗೂ ಬಂದು ಗಕ್ಕನೆ ನಿಂತರು. ಕಟ್ಟೆಯ ಮೇಲಿನವನು ಬನ್ನು ಅಗಿಯುವುದನ್ನು ನಿಲ್ಲಿಸಿದ.

"ಒಳಗೆ ಬರೋ ಹಾಗಿಲ್ಲ ಅತ್ತೆ."

ಅತ್ತೆ ಕಟ್ಟೆಯವನನ್ನು ನೋಡಿದರು. ಸೊಸೆಯನ್ನು ನೋಡಿದರು. ಆಮೇಲೆ ಮಣೆಯನ್ನು ಕಾಲಲ್ಲೇ ತಳ್ಳಿಕೊಂಡು ಬಂದು ಹೊಸ್ತಿಲ ಒಳಗೆ ಕೂತರು. ತಟ್ಟೆಯನ್ನು ಹೊಸ್ತಿಲ ಹೊರಗೆ ಇಟ್ಟರು.

"ನಿನ್ನ ವಾರ್ಡಲ್ಲೇ ಕೂತು ತಿನ್ನು. ನಾನು ನನ್ನ ವಾರ್ಡಲ್ಲಿ ತಿಂತೀನಿ. ಏ ಬನ್ನು! ನೋಡ್ಕೊಂಡ್ಯಾ? ಸರಿಯಾಗಿ ನೋಡ್ಕೋ!"

ಅಕ್ಕ ಓಣಿಯ ಕಲ್ಲಿನ ಮೇಲೆ ಕೂತರು. ಅತ್ತೆ ಬಡಿಸಿದರು. ಸೌಟು ಮಾತ್ರ ಯಾರನ್ನೂ ಕೇಳದೆ ಗಡಿ ದಾಟುತ್ತಿತ್ತು.

ಈಗ ನಿಮಗೆ ಮುಕ್ತಾಯ ಬೇಕು. ಮತದಾರರ ಪಟ್ಟಿಗೆ ಅಕ್ಕನ ಹೆಸರು ಬಂತಾ? ಚುನಾವಣೆ ಯಾವಾಗ? ಕೋಣೆಗಳು ಉಳಿದವಾ? ಚುನಾವಣೆಯ ದಿನಾಂಕ ಇನ್ನೂ ಪ್ರಕಟವಾಗಿಲ್ಲ, ಅದನ್ನು ಪ್ರಕಟಿಸುವವನು ನಾನಲ್ಲ. ಗೆಲ್ಲಿಸಿಬಿಡಲು ನನಗೂ ಕೈ ತುರಿಸುತ್ತಿದೆ. ಆದರೆ ಪೆನ್ಸಿಲಲ್ಲಿ ಗೆಲ್ಲಿಸಬೇಡಿ ಎಂದು ಅವರೇ ಹೇಳಿಯಾಗಿದೆ.

ಅದಿರಲಿ, ನನಗೆ ಈಗ ಬೇರೆ ತೊಂದರೆ. ಮೈದುನ ತನ್ನ ತಟ್ಟೆ ಹಿಡಿದುಕೊಂಡು ಬಾಗಿಲಿಗೆ ಬಂದಿದ್ದಾನೆ. ಒಳಗೆ ಅಮ್ಮ, ಹೊರಗೆ ಅತ್ತಿಗೆ, ನಡುವೆ ಅವನೇ ತಿದ್ದಿ ಎಳೆದ ಗೆರೆ.

"ಕೂತ್ಕೊಳೋ, ಆರೋಗುತ್ತೆ," ಅಂದರು ಅತ್ತೆ.

"ಎಲ್ಲಮ್ಮ?"

ಅವನು ನನ್ನನ್ನು ನೋಡುತ್ತಿದ್ದಾನೆ. ನಾನು ನಿಮ್ಮನ್ನು ನೋಡುತ್ತಿದ್ದೇನೆ. ಅಕ್ಕ ಮಾತ್ರ ತಲೆ ಎತ್ತದೆ, ಕಲ್ಲಿನ ಮೇಲೆ ಸ್ವಲ್ಪ ಸರಿದು ಕೂತರು.